ಚಹಾ ಬಿಟ್ಟವಳ ಮಿಲಿಗ್ರಾಂ ಲೆಕ್ಕ

ನಾನು ಚಹಾ ಬಿಟ್ಟ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ನವಲಗುಂದದ ಬಸ್ಸು ಹತ್ತಿ ಕೂತ ಕೂಡಲೇ ನಮ್ಮವರು ಮನೆಗೆ ಫೋನು ಹಚ್ಚಿದ್ದರು. ಊರಲ್ಲಿ ಇಳಿದು ಓಣಿಗೆ ಕಾಲಿಡುವಷ್ಟರಲ್ಲಿ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಎದುರು ಮನೆಯ ಕಾಕಿ ಕೇಳಿಯೇ ಬಿಟ್ಟರು.

"ಚಾ ಬಿಡಂದಾರಂತಲ್ಲವಾ? ಹೆಂಗ ಇರ್ತೀ ಇನ್ನ?"

ಗಂಡ ಬಿಟ್ಟುಹೋದವಳನ್ನು ಕೇಳುವ ದನಿಯಲ್ಲಿ ಕೇಳಿದರು. ನಮ್ಮ ಕಡೆ ಚಹಾ ಅಂದರೆ ಹಾಗೆಯೇ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಪೂಜೆ ಮುಗಿಸಿ ಒಂದು, ಹೊಲದಿಂದ ಬಂದವರ ಜೊತೆ ಒಂದು, ಯಾರಾದರೂ ಬಂದರೆ ಅವರಿಗಾಗಿ ಒಂದು, ಯಾರೂ ಬರಲಿಲ್ಲವೆಂದರೆ ಬೇಜಾರಿಗೆ ಒಂದು. ಕಪ್ಪು ಸಣ್ಣದು, ಆದರೆ ಸರತಿ ಮುಗಿಯುವುದಿಲ್ಲ. ನಾನು ದಿನಕ್ಕೆ ಆರು ಕಪ್ ಕುಡಿಯುತ್ತಿದ್ದೆ, ಮತ್ತು ನಮ್ಮ ಮನೆಯಲ್ಲಿ ಕಡಿಮೆ ಕುಡಿಯುವವಳು ಎಂದು ಹೆಸರು ಪಡೆದಿದ್ದೆ.

ನನಗಾಗ ಐದನೆಯ ತಿಂಗಳು. ಹಿಂದಿನ ವರ್ಷ ಒಂದು ಕೂಸು ಮೂರನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡದೇ ಇರುವುದೇ ದೊಡ್ಡತನ ಎಂದು ಎಲ್ಲರೂ ತಿಳಿದಿದ್ದರು. ಎರಡನೆಯ ಸಲ ಬಸಿರು ನಿಂತಾಗ ನಾನು ಒಂದೇ ಒಂದು ಹಟ ಹಿಡಿದೆ: ಈ ಕೂಸನ್ನು ಬಿಟ್ಟುಕೊಡುವುದಿಲ್ಲ. ದೇವರಿಗೂ ಹಾಗೇ ಹೇಳಿದ್ದೆ, ಬೇಡಿಕೊಂಡಿದ್ದಲ್ಲ, ಹೇಳಿದ್ದು.

ಆದರೆ ನಾಲ್ಕು ತುಂಬುತ್ತಲೇ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಕೂತಲ್ಲಿ ಕೂತೇ ಗುಡ್ಡ ಹತ್ತಿ ಬಂದವಳ ಹಾಗೆ. ನಿದ್ದೆ ಹೋಯಿತು, ಕೈ ನಡುಗತೊಡಗಿತು. ಹುಬ್ಬಳ್ಳಿಯ ಹೆಣ್ಣು ಡಾಕ್ಟರು, ನಾವು ಡಾಕ್ಟರ್ ಬಾಯಾರು ಎನ್ನುವವರು, ರಕ್ತ ತೆಗೆಸಿದರು, ಎದೆಯ ಇಸಿಜಿ ಪಟ್ಟಿ ತೆಗೆಸಿದರು, ಎಲ್ಲ ಸರಿಯಿತ್ತು. ಕೊನೆಗೆ ಚಹಾ ಎಷ್ಟು ಕುಡಿಯುತ್ತೀ ಎಂದು ಕೇಳಿದರು. ಆರು ಎಂದೆ.

"ಚಹಾದಾಗ ಕೆಫೀನ್ ಅಂತ ಇರತೈತಿ," ಎಂದರು. "ಎದಿ ಹೊಡಕೊಳ್ಳೂದು, ನಿದ್ದಿ ಕೆಡೂದು, ಅದರಿಂದಲೂ ಆಗತೈತಿ. ಬಸುರಿದ್ದವರು ದಿನಕ್ಕ ಇನ್ನೂರು ಮಿಲಿಗ್ರಾಂ ದಾಟಬಾರದು. ನಿಮ್ಮ ಸಣ್ಣ ಕಪ್ಪಿಗೆ ಇಪ್ಪತ್ತೈದು ಹಿಡೀರಿ. ನೀವು ದಾಟಿಲ್ಲ, ಆದ್ರ ನಿಮ್ಮ ದೇಹ ಅಷ್ಟೂ ತಡಿವಲ್ದು ಕಾಣಸ್ತೈತಿ. ಪೂರ್ತಿ ಬಿಟ್ಟು ನೋಡ್ರಿ. ತಿಂಗಳ ಬಿಟ್ಟು ಬರ್ರಿ. ಆಗೂ ಹಿಂಗ ಇದ್ದರ ಎದಿ ಡಾಕ್ಟರ್ ಕಡೆ ಕಳಸ್ತೀನಿ."

ಹೊರಗೆ ಬಾಗಿಲ ತನಕ ಹೆಂಗಸರು ತುಂಬಿದ್ದರು, ಹೆಚ್ಚು ಕೇಳಲು ಹೊತ್ತಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಅವತ್ತಿನಿಂದಲೇ ಬಿಟ್ಟೆ. ಎರಡು ದಿನ ತಲೆ ಸಿಡಿದುಹೋಗುವ ಹಾಗಾಯಿತು. ಒಲೆಯ ಮೇಲೆ ಶುಂಠಿ ಹಾಕಿ ಕುದಿಸುವ ವಾಸನೆ ಬಂದರೆ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ಗುಟುಕೂ ಕುಡಿಯಲಿಲ್ಲ. ಇದಿಷ್ಟನ್ನು ಗೆದ್ದೆ ಎಂದು ನನಗೆ ಒಳಗೊಳಗೇ ಬಹಳ ಜಂಬವಿತ್ತು.

ಅಲ್ಲಿಂದಲೇ ಎಡವಟ್ಟು ಶುರುವಾದದ್ದು. ನಮ್ಮ ಕಡೆ ಬಸುರಿಗೆ ಐದನೆಯ ತಿಂಗಳು ಬಿತ್ತೆಂದರೆ ಕುಬಸದ, ಅಂದರೆ ಸೀಮಂತದ ತನಕ ಓಣಿಯವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಕರೆಯುತ್ತಾರೆ. ಒಂದು ಹೋಳಿಗೆಯೋ ಕಡುಬೋ ಉಣ್ಣಿಸುತ್ತಾರೆ, ಉಡಿ ತುಂಬಿ ಕಳಿಸುತ್ತಾರೆ. ಉಣ್ಣಲು ಆಗದಿದ್ದರೂ ಕೂತು ಎದ್ದು ಬರಬೇಕು. ಬಂದವಳನ್ನು ಬರೀ ಬಾಯಲ್ಲಿ ಕಳಿಸುವುದು ಅಂದರೆ ಆ ಮನೆಗೆ ಅವಮಾನ, ಅದರಲ್ಲೂ ಎರಡು ಜೀವದವಳನ್ನು. ಚಹಾ ಒಲ್ಲೆ ಎಂದರೆ ಮನೆಯೊಡತಿಯ ಮುಖ ಬಾಡುತ್ತದೆ. ಬಾಡಿದ ಮುಖ ಅರಳಬೇಕಾದರೆ ದಾರಿ ಒಂದೇ.

"ಹಂಗಾರ ಥಂಡಾ ತರಸ್ತೀನಿ ತಡಿ. ಬಿಸೀದು ಒಲ್ಲೆ ಅಂದ್ರ ತಂಪಿಂದರ ಕುಡಿ."

ಥಂಡಾ ಅಂದರೆ ಅಂಗಡಿಯ ಫ್ರಿಜ್ಜಿನಲ್ಲಿ ಇರುವ ಕರಿ ಬಣ್ಣದ, ಬುರುಬುರು ನೊರೆ ಬರುವ ಬಾಟಲಿ. ನಮ್ಮ ಲೆಕ್ಕದಲ್ಲಿ ಜಗತ್ತಿನಲ್ಲಿರುವ ತಿನ್ನುವ ಕುಡಿಯುವ ವಸ್ತುಗಳೆಲ್ಲ ಎರಡೇ ಜಾತಿ, ಉಷ್ಣ ಮತ್ತು ತಂಪು. ಚಹಾ ಉಷ್ಣ. ಎದೆ ಹೊಡೆದುಕೊಳ್ಳುವುದೂ ಉಷ್ಣವೇ. ಥಂಡಾ ತಂಪು, ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಇನ್ನು ಅನುಮಾನವೇನು? ಉಷ್ಣಕ್ಕೆ ತಂಪು ಕೊಟ್ಟರೆ ಸರಿಹೋಗುತ್ತದೆ ಎಂದು ಕಾಕಿ ನಂಬಿದ್ದರು, ನಮ್ಮ ಅತ್ತೆ ನಂಬಿದ್ದರು, ಪಿಯುಸಿ ಸೈನ್ಸ್ ಓದಿದ ನಾನೂ ನಂಬಿದ್ದೆ. ಚಹಾ ಅಲ್ಲವಲ್ಲ, ಮತ್ತೇನು ಎಂದುಕೊಂಡು ಮನೆಮನೆಯಲ್ಲಿ ಸ್ಟೀಲಿನ ಗ್ಲಾಸು ಎತ್ತಿ ಕುಡಿದೆ.

ಇದರ ಮೇಲೆ ನನ್ನ ಮೈದುನನ ಪ್ರೀತಿ ಬೇರೆ. ಅವನು ಟ್ರ್ಯಾಕ್ಟರ್ ಓಡಿಸುವವನು. ಬಿತ್ತನೆಯ ದಿನಗಳಲ್ಲಿ ನಿದ್ದೆ ಬಾರದಿರಲೆಂದು ಸಣ್ಣ ಬಾಟಲಿಯ ಒಂದು ಪಾನೀಯ ಕುಡಿಯುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಪವರ್ ಬಾಟ್ಲಿ. ನಾನು ಸೊರಗಿದ್ದು ನೋಡಿ ಅವನಿಗೆ ಕರುಳು ಚುರುಕ್ಕೆಂದಿತು. ಬೆಳಿಗ್ಗೆ ಒಂದು, ಸಂಜೆ ಒಂದು ತಂದು ನನ್ನ ಮುಂದೆ ಇಡತೊಡಗಿದ.

"ಕುಡೀರಿ ವೈನಿ, ಮೈಯಾಗ ಕಸುವು ಬರತೈತಿ. ಕೂಸಿಗೂ ಬರತೈತಿ."

ಸಿಹಿಯಾಗಿ, ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅವನ ಮುಖ ನೋಡಿ ಕುಡಿದೆ. ಕುಡಿದ ಮೇಲೆ ಸ್ವಲ್ಪ ಹೊತ್ತು ನಿಜವಾಗಿಯೂ ಕಸುವು ಬಂದ ಹಾಗೆ ಆಗುತ್ತಿತ್ತು, ಆಮೇಲೆ ಎದೆ ಬಾಯಿಗೆ ಬರುತ್ತಿತ್ತು.

ಚಹಾ ಬಿಟ್ಟು ಎರಡು ವಾರವಾದರೂ ಡವಡವ ಇಳಿಯಲಿಲ್ಲ, ಹೆಚ್ಚೇ ಆಯಿತು. ಹಣೆಗೆ ಕುಂಕುಮ ಹಚ್ಚಿಕೊಳ್ಳಲು ಹೋದರೆ ಬೆರಳು ನಡುಗಿ ಹುಬ್ಬಿಗೆ ಹತ್ತುತ್ತಿತ್ತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಎಂದು ಲೆಕ್ಕ. ಘಾಟು ಬಂದು ಮನೆಯವರೆಲ್ಲ ಕೆಮ್ಮಿದೆವು, ಆದರೂ ಅದು ದೃಷ್ಟಿಯೇ ಎಂದು ತೀರ್ಮಾನವಾಯಿತು. ಕಾಕಿ ಬಂದು, ಹುಡುಗಿ ಹೋದ ಕೂಸನ್ನು ಮನಸಿಗೆ ಹಚ್ಚಿಕೊಂಡಿದ್ದಾಳೆ, ಹೆದರಿಕೆಗೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಇದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿಕೆ ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ಆರಕ್ಕೆ ಹೊತ್ತು ನೋಡಿಕೊಂಡು ಬರುತ್ತದೆಯೇ?

ಹೊತ್ತಿನ ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದೇ ವಾರ ನಮ್ಮ ಮೆಣಸಿನ ಗಿಡಕ್ಕೆ ಹುಳ ಬಿದ್ದು ಎಲೆ ಮುಟುರಿಕೊಂಡಿತು. ನಮ್ಮ ಮನೆಯಲ್ಲಿ ಎಣ್ಣೆ ಹೊಡೆಯುವ, ಅಂದರೆ ಬೆಳೆಗೆ ಔಷಧ ಸಿಂಪಡಿಸುವ ಲೆಕ್ಕವೆಲ್ಲ ನನ್ನದು. ಒಂದು ಡಬ್ಬಿಯ ಮೇಲೆ ಲೀಟರಿಗೆ ಎಂದಿರುತ್ತದೆ, ಇನ್ನೊಂದರ ಮೇಲೆ ಎಕರೆಗೆ ಎಂದಿರುತ್ತದೆ. ಹೊಡೆಯುವವನಿಗೆ ಬೇಕಾದದ್ದು ಬೆನ್ನಿಗೆ ಕಟ್ಟುವ ಪಂಪಿಗೆ ಎಷ್ಟು ಎನ್ನುವುದು. ಲೀಟರಿನದ್ದನ್ನು ಪಂಪಿನದ್ದು ಎಂದು ತಿಳಿದರೆ ಹುಳ ನಗುತ್ತದೆ, ಪಂಪಿನದ್ದನ್ನು ಲೀಟರಿನದ್ದು ಎಂದು ತಿಳಿದರೆ ಗಿಡ ಸುಟ್ಟುಹೋಗುತ್ತದೆ. ಬಸುರಿ ಎಂದು ಆಗ ನನ್ನನ್ನು ಎಣ್ಣೆಯ ಡಬ್ಬಿಯ ಹತ್ತಿರವೂ ಬಿಡುತ್ತಿರಲಿಲ್ಲ. ಮೈದುನ ಚೀಟಿಯ ಫೋಟೋ ತೆಗೆದು ತಂದು ದೂರ ನಿಂತು ತೋರಿಸುತ್ತಿದ್ದ.

"ಲೀಟರಿಗೆ ಅರ್ಧ ಎಂಎಲ್. ಹದಿನಾರು ಲೀಟರ್ ಪಂಪಿಗೆ ಎಂಟು," ಎಂದೆ.

ಹೇಳುವಾಗ ನನ್ನ ಕೈಯಲ್ಲಿ ಅವನೇ ಕೊಟ್ಟ ಪವರ್ ಬಾಟಲಿ ಇತ್ತು. ಚೀಟಿ ಓದುವ ಚಟ ಕಣ್ಣಿಗೆ ಹತ್ತಿದ್ದರಿಂದ ಇದರ ಚೀಟಿಯನ್ನೂ ಓದಿದೆ. ಇರುವೆಯಂಥ ಇಂಗ್ಲಿಷ್ ಅಕ್ಷರ. ಸಕ್ಕರೆ, ಬಣ್ಣ, ಆಮೇಲೆ ಕೆಫೀನ್. ಅದರ ಮುಂದೆ ಶೇಕಡಾ ಸೊನ್ನೆ ಪಾಯಿಂಟ್ ಸೊನ್ನೆ ಮೂರು. ಎಲ್ಲಕ್ಕಿಂತ ಕೆಳಗೆ, ಮಕ್ಕಳಿಗೂ ಬಸುರಿಯರಿಗೂ ಇದು ತಕ್ಕುದಲ್ಲ ಎಂದು ಬರೆದಿತ್ತು.

ಬಾಟಲಿ ಕೆಳಗಿಟ್ಟು ಮೈದುನನನ್ನು ಕರೆದು ತೋರಿಸಿದೆ. ಅವನು ಅಕ್ಷರ ಅಕ್ಷರವಾಗಿ ಓದಿ ನಕ್ಕ.

"ಅದನ್ನ ಎಲ್ಲಾದರ ಮ್ಯಾಲೂ ಬರದಿರ್ತಾರ್ರಿ ವೈನಿ. ಪಾಯಿಂಟ್ ಸೊನ್ನಿ ಮೂರಂತ ನೋಡ್ರಿ. ಒಂದೂ ಅಲ್ಲ, ಅರ್ಧಾನೂ ಅಲ್ಲ. ಅಂದ್ರ ಏನೂ ಇಲ್ಲ!"

"ಈಗ ಮೆಣಸಿನಕಾಯಿಗೆ ಹೊಡಿಯಾಕ ಹೊಂಟೀಯಲ್ಲ ಎಣ್ಣಿ, ಅದು ಎಷ್ಟು?"

"ಲೀಟರಿಗೆ ಅರ್ಧ ಎಂಎಲ್ರಿ. ನೀವ ಹೇಳಿದ್ರಲ್ಲ."

"ಸಾವಿರ ಎಂಎಲ್‌ನ್ಯಾಗ ಅರ್ಧ. ಅಂದ್ರ ನೂರಕ್ಕ ಎಷ್ಟಾತು? ಪಾಯಿಂಟ್ ಸೊನ್ನಿ ಐದು. ಅದಕ್ಕ ಹುಳಾ ಸಾಯತೈತೋ ಇಲ್ಲೋ?"

ಅವನ ನಗು ನಿಂತಿತು. ಟ್ರ್ಯಾಕ್ಟರ್ ಓಡಿಸುವವನಿಗೆ ಮಿಲಿಗ್ರಾಂ ತಿಳಿಯದಿರಬಹುದು, ಹುಳ ಸಾಯುವುದು ತಿಳಿಯುತ್ತದೆ. ನನ್ನ ಪಕ್ಕಕ್ಕೆ ಬಂದು ಕೂತ. ಕಟ್ಟೆಯ ಕಲ್ಲಿನ ಮೇಲೆ ಇದ್ದಿಲಿನ ಚೂರಿನಿಂದ ಬರೆದು ತೋರಿಸಿದೆ. ಶೇಕಡಾ ಪಾಯಿಂಟ್ ಸೊನ್ನೆ ಮೂರು ಅಂದರೆ ನೂರು ಎಂಎಲ್‌ನಲ್ಲಿ ಅಷ್ಟು ಗ್ರಾಂ. ಗ್ರಾಂ ಬಿಡಿಸಿದರೆ ಸಾವಿರ ಮಿಲಿಗ್ರಾಂ, ಹಾಗಾದರೆ ಮೂವತ್ತು ಮಿಲಿಗ್ರಾಂ. ನನಗೂ ಅಲ್ಲಿಗೆ ಮುಗಿಯಿತು ಎನ್ನಿಸಿ, ಮೂವತ್ತೇ ತಾನೆ, ಒಂದು ಕಪ್ ಚಹಾಕ್ಕಿಂತ ಒಂಚೂರು ಹೆಚ್ಚು ಎಂದು ಉಸಿರು ಬಿಟ್ಟೆ. ಮರುಕ್ಷಣವೇ ತಲೆ ಚಚ್ಚಿಕೊಂಡೆ. ಮೂವತ್ತು ಇದ್ದದ್ದು ನೂರು ಎಂಎಲ್‌ಗೆ, ಬಾಟಲಿಗೆ ಅಲ್ಲ! ಲೀಟರಿನದ್ದನ್ನು ಪಂಪಿನದ್ದು ಎನ್ನುವವರ ತಪ್ಪನ್ನೇ ಮಾಡುತ್ತಿದ್ದೆ. ಬಾಟಲಿ ಇನ್ನೂರೈವತ್ತು ಎಂಎಲ್‌ನದು. ಅಂದರೆ ಎಪ್ಪತ್ತೈದು ಮಿಲಿಗ್ರಾಂ. ಒಂದು ಬಾಟಲಿಯಲ್ಲಿ ಮೂರು ಕಪ್ ಚಹಾ. ಬೆಳಿಗ್ಗೆ ಒಂದು, ಸಂಜೆ ಒಂದು.

ಇನ್ನು ಥಂಡಾದ ಸರದಿ. ಮೈದುನನೇ ಅಂಗಡಿಗೆ ಓಡಿ ಕರಿ ಬಾಟಲಿ ತಂದ. ಇದರ ಚೀಟಿಯ ಭಾಷೆ ಬೇರೆ. ಇಲ್ಲಿ ಶೇಕಡಾ ಇಲ್ಲ, ನೂರು ಎಂಎಲ್‌ಗೆ ಹತ್ತು ಮಿಲಿಗ್ರಾಂ ಎಂದು ನೇರ ಬರೆದಿದ್ದರು. ಆದರೆ ಓಣಿಯಲ್ಲಿ ಯಾರು ನನಗೆ ಎಂಎಲ್ ಅಳೆದು ಕೊಟ್ಟಿದ್ದರು? ಕೊಟ್ಟದ್ದು ಗ್ಲಾಸಿನಲ್ಲಿ. ಅಡುಗೆಮನೆಯಿಂದ ಸ್ಟೀಲಿನ ಗ್ಲಾಸು ತಂದು, ಹಾಲು ಅಳೆಯುವ ಪಾವು ಲೀಟರಿನ ಅಳತೆಯಿಂದ ನೀರು ಸುರಿದೆ. ಅಂಚಿನ ತನಕ ಸರಿಯಾಗಿ ಹಿಡಿಯಿತು. ನಮ್ಮ ಕಡೆ ಗ್ಲಾಸನ್ನು ಯಾರೂ ಅರೆಬರೆ ತುಂಬುವುದಿಲ್ಲ, ಬಸುರಿಗಂತೂ ತುಳುಕಿಸಿಯೇ ಕೊಡುತ್ತಾರೆ. ಇನ್ನೂರೈವತ್ತು ಎಂಎಲ್, ಇಪ್ಪತ್ತೈದು ಮಿಲಿಗ್ರಾಂ. ಒಂದು ಗ್ಲಾಸು ಥಂಡಾ ಅಂದರೆ ಕರಾರುವಾಕ್ಕಾಗಿ ಒಂದು ಕಪ್ ಚಹಾ.

ಹಿಂದಿನ ದಿನ ಐದು ಮನೆಗೆ ಹೋಗಿದ್ದೆ. ಐದು ಗ್ಲಾಸು, ಎರಡು ಪವರ್ ಬಾಟಲಿ. ಕೂಡಿಸಿದೆ. ಇನ್ನೂರ ಎಪ್ಪತ್ತೈದು. ಚಹಾ ಕುಡಿಯುತ್ತಿದ್ದಾಗ ಆರು ಕಪ್ ಇದ್ದವಳು, ಚಹಾ ಬಿಟ್ಟ ಮೇಲೆ ಹನ್ನೊಂದು ಕಪ್ಪಿಗೆ ಏರಿದ್ದೆ. ಡಾಕ್ಟರು ಹಾಕಿದ ಗೆರೆಯನ್ನು ದಾಟಿ ಆಚೆ ಹೋಗಿ ಕೂತಿದ್ದೆ, ಅದೂ ಜಂಬದಿಂದ.

ಅಳು ಬಂತು, ಆದರೆ ಅಳಲಿಲ್ಲ. ಸಿಟ್ಟು ದೊಡ್ಡದಿತ್ತು. ಮೈದುನನ ಮೇಲಲ್ಲ, ಪಾಪ, ಅವನು ತಲೆ ತಗ್ಗಿಸಿ ಕಲ್ಲಿನ ಮೇಲಿನ ಅಂಕಿ ನೋಡುತ್ತ ಕೂತಿದ್ದ. ನನ್ನ ಎದೆ ಹೊಡೆದುಕೊಂಡರೆ ದೃಷ್ಟಿ ಎಂದರು, ಹೆದರಿಕೆ ಎಂದರು, ಹೋದ ಕೂಸನ್ನು ಎಳೆದು ತಂದರು. ಇಷ್ಟು ದಿನ ಯಾರೂ, ನಾನೂ ಕೂಡ, ಬಾಟಲಿ ತಿರುಗಿಸಿ ನೋಡಿರಲಿಲ್ಲ. ಇನ್ನು ಮುಂದೆ ಅಳತೆ ಗೊತ್ತಿಲ್ಲದ ಒಂದು ಹನಿಯೂ ಈ ಹೊಟ್ಟೆಗೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದೆ.

ತೀರ್ಮಾನ ಮಾಡುವುದು ಹಗುರ, ಓಣಿಯಲ್ಲಿ ಅದನ್ನು ನಡೆಸುವುದು ಬಹಳ ತ್ರಾಸು. ಅವತ್ತು ಸಂಜೆ ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತಂಪ ಹೆಂಗ ಉಷ್ಣ ಆಗತೈತಿ? ಮಂದಿ ಪ್ರೀತಿಲೆ ಕೊಡ್ತಾರ. ಬಸುರಿ ಹೆಂಗಸು ಕೊಟ್ಟಿದ್ದನ್ನ ಒಲ್ಲೆ ಅನಬಾರದು."

ನಮ್ಮವರು ಎಂದಿನಂತೆ ನಡುವಿನ ದಾರಿ ಹುಡುಕಿದರು. "ಅವರ ಮನಸಿಗೆ ಯಾಕ ಬ್ಯಾಸರ? ಒಂದ ಗುಟುಕ ಕುಡುದು ಇಟ್ಟಬಿಡು."

"ಒಂದ ಗುಟುಕಿಗೆ ಎಷ್ಟು ಎಂಎಲ್ ಅಂತ ಹೇಳ್ರಿ, ಕುಡೀತೀನಿ," ಎಂದೆ. ಅವರು ಎದ್ದು ದನಗಳಿಗೆ ಮೇವು ಹಾಕಲು ಹೋದರು.

ಮರುದಿನ ಎದುರು ಮನೆಯ ಕಾಕಿಯದೇ ಕರೆ. ಹೋದೆ. ಕರಿಗಡುಬು ತಿಂದೆ. ಗ್ಲಾಸು ಬಂತು, ತುಳುಕುತ್ತಿತ್ತು. ಕೈ ಮುಗಿದು ಬೇಡ ಎಂದೆ. ಮಿಲಿಗ್ರಾಂ, ಎಂಎಲ್ ಎಲ್ಲ ಬಿಡಿಸಿ ಹೇಳಿದೆ. ಕಾಕಿ ಗ್ಲಾಸು ಹಿಡಿದುಕೊಂಡೇ ನಿಂತಿದ್ದರು.

"ಮಿಲಿಗ್ರಾಂ ಅಂದ್ರ ಗುಳಿಗಿ ಅಳತಿ ಅಲ್ಲನವಾ? ಇದರಾಗೆಲ್ಲಿ ಗುಳಿಗಿ ಐತಿ? ಇಷ್ಟ ವರ್ಷ ಆತು, ನಮ್ಮ ಮನ್ಯಾಗ ಯಾರೂ ಗ್ಲಾಸ್ ಹಂಗ ಬಿಟ್ಟು ಎದ್ದಿಲ್ಲ ನೋಡು."

ಕಣ್ಣಲ್ಲಿ ನೀರೇ ಬಂತು ಅವರಿಗೆ. ಆಗ ನನಗೆ ಹೊಳೆಯಿತು, ನಾನು ತಪ್ಪು ಅಳತೆಯಲ್ಲಿ ಮಾತಾಡುತ್ತಿದ್ದೇನೆ ಎಂದು. ಲೀಟರಿನ ಲೆಕ್ಕ ಹೇಳಿದರೆ ಎಣ್ಣೆ ಹೊಡೆಯುವವನಿಗೆ ಏನು ಉಪಯೋಗ? ಅವನಿಗೆ ಪಂಪಿನಲ್ಲೇ ಹೇಳಬೇಕು. ಕಾಕಿಯ ಪಂಪು ಯಾವುದು?

"ಕಾಕಿ, ಡಾಕ್ಟರ್ ನನಗ ಚಾ ಬಿಡು ಅಂದಾರ, ಗೊತ್ತೈತಲ್ರಿ. ಈ ಒಂದ ಗ್ಲಾಸಿನ್ಯಾಗ ಒಂದ ಕಪ್ ಚಾ ಐತ್ರಿ. ಬಣ್ಣ ಬ್ಯಾರೆ, ರುಚಿ ಬ್ಯಾರೆ, ಒಳಗಿನ ಮಾಲು ಒಂದ. ನಿನ್ನಿ ಮೊನ್ನಿ ನಾ ದಿನಾ ಹನ್ನೊಂದ ಕಪ್ ಚಾ ಕುಡದೀನ್ರಿ."

"ಹನ್ನೊಂದ ಕಪ್ಪ?" ಕಾಕಿ ಗ್ಲಾಸನ್ನು ಹಾವಿನ ಮರಿ ಹಿಡಿದವರಂತೆ ದೂರ ಹಿಡಿದರು. "ಯವ್ವಾ, ಹನ್ನೊಂದ ಕಪ್ ಚಾ ಕುಡದರ ಗಂಡಸಿಗೂ ತಡಿಯೂದಿಲ್ಲ. ಖರೇನಬೇ?"

"ಖರೇ ರಿ."

ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು, ಕೊತ್ತಂಬರಿ ಜೀರಿಗೆ ಹಾಕಿ. ನಾನು ಅವರ ಮುಂದೆಯೇ ಎರಡು ಗ್ಲಾಸು ಕುಡಿದೆ. ಅವತ್ತು ಸಂಜೆಯ ಹೊತ್ತಿಗೆ ಹನ್ನೊಂದು ಕಪ್ಪಿನ ಸುದ್ದಿ ಇಡೀ ಓಣಿ ತಿರುಗಿ, ನಮ್ಮ ಮನೆಗೆ ಬರುವಷ್ಟರಲ್ಲಿ ಇಪ್ಪತ್ತಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಎಲ್ಲರೂ ಕಾಕಿಯಂತೆ ಒಪ್ಪಲಿಲ್ಲ. ಒಬ್ಬರು ನಾಲ್ಕು ಅಕ್ಷರ ಕಲಿತ ಸೊಕ್ಕು ಎಂದರು. ಇನ್ನೊಬ್ಬರು ಉಡಿ ತುಂಬುವಾಗ ಮುಖ ಕೊಟ್ಟು ಮಾತಾಡಲಿಲ್ಲ. ನೋವಾಯಿತು. ಆದರೆ ನಾನು ಒಂದೊಂದು ಮನೆಯಲ್ಲೂ ಅದೇ ಮಾತು ಹೇಳಿದೆ, ದನಿ ಏರಿಸದೆ, ಗ್ಲಾಸು ಮುಟ್ಟದೆ. ಲಿಂಬೆಯ ಪಾನಕ ಕೊಡ್ರಿ, ಮಜ್ಜಿಗೆ ಕೊಡ್ರಿ, ನೀರು ಕೊಟ್ಟರೂ ಕುಡಿಯುತ್ತೇನೆ ಎಂದೆ. ಮೈದುನ ನನಗಿಂತ ಜೋರಾದ. ಟ್ರ್ಯಾಕ್ಟರಿನ ಗೆಳೆಯರಿಗೆಲ್ಲ ಪಾಯಿಂಟ್ ಸೊನ್ನೆ ಮೂರಿನ ಪಾಠ ಹೇಳತೊಡಗಿದ. ತಾನು ಮಾತ್ರ ದಿನಕ್ಕೊಂದು ಕುಡಿಯುವುದನ್ನು ಬಿಡಲಿಲ್ಲ, ಆ ಮಾತು ಬೇರೆ.

ವಾರ ಕಳೆಯುವುದರೊಳಗೆ ಕೈ ನಡುಕ ನಿಂತಿತು. ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕೂತವಳು ಹಾಗೇ ನಿದ್ದೆ ಹೋದೆ. ಎದ್ದಾಗ ಅತ್ತೆ ನನ್ನ ತಲೆಯ ಕೆಳಗೆ ದಿಂಬು ಇಟ್ಟು ಪಕ್ಕದಲ್ಲಿ ಕೂತಿದ್ದರು. ಅದರ ಮರುದಿನದಿಂದ ನಮ್ಮ ಮನೆಗೆ ಥಂಡಾ ಬರುವುದು ನಿಂತಿತು. ಮುಂದೆ ಕುಬಸಕ್ಕೆ ಬಂದವರಿಗೂ ಅತ್ತೆ ದೊಡ್ಡ ಹಂಡೆಯಲ್ಲಿ ಬೆಲ್ಲದ ಪಾನಕ ಮಾಡಿ ಹಂಚಿಸಿದರು.

ಹೇಳಿದ್ದಂತೆ ತಿಂಗಳಿಗೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಬಾಯಾರು ನಾಡಿ ಹಿಡಿದು ತಲೆಯಾಡಿಸಿದರು. ಎದೆ ಡಾಕ್ಟರರ ಮಾತು ಎತ್ತಲಿಲ್ಲ. ನಾನು ಏಳಲಿಲ್ಲ. ಅಲ್ಲಿಯ ತನಕ ಕೇಳದೇ ಇದ್ದದ್ದನ್ನು ಕೇಳಿದೆ: ಹಿಂದಿನ ಕೂಸು ಹೋದದ್ದು ಇದರಿಂದಲೇ?

"ಅಲ್ಲ," ಎಂದರು. "ಆಗಿನ ಸ್ಕ್ಯಾನಿಂಗ್ ನಾ ನೋಡೀನಿ. ಅದರ ಬೆಳವಣಿಗಿ ಮೊದಲಿಂದನ ಸರಿ ಇದ್ದಿದ್ದಿಲ್ಲ. ನೀವು ತಿಂದದ್ದು, ಕುಡದದ್ದು ಕಾರಣ ಅನ್ಕೋಬ್ಯಾಡ್ರಿ."

ಮನೆಗೆ ಬಂದು ಎಲ್ಲರ ಮುಂದೆಯೂ ಇದನ್ನು ಹೇಳಿದೆ. ನಮ್ಮವರು ಕಣ್ಣೊರೆಸಿಕೊಂಡರು. ಅತ್ತೆ ಹೂಂ ಎಂದು ಒಳಗೆ ಹೋದರು.

ಮಗಳು ದಿನ ತುಂಬಿ ಹುಟ್ಟಿದಳು. ತವರಿನಲ್ಲಿ ನನಗೆ ಬಾಣಂತನ ಮಾಡುವವರು ಇರಲಿಲ್ಲ, ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಹಾಗಾಗಿ ಎಲ್ಲವೂ ಗಂಡನ ಮನೆಯಲ್ಲೇ ಆಯಿತು. ಕೂಸಿಗೆ ಎರೆಯುವುದನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯುತ್ತಿದ್ದರು. ನಾನು ಬಾಗಿಲಲ್ಲಿ ಅರಿವೆ ಹಿಡಿದು ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಕೂಸು ಗಟ್ಟಿಯಾಗಿ ಅತ್ತು, ಬಿಸಿನೀರಿನ ಹಿತಕ್ಕೆ ಸುಮ್ಮನಾಯಿತು. ಅದರ ತೊಡೆಯಲ್ಲಿ ಮಡಿಕೆ ಬಿದ್ದಿದ್ದವು. ಅತ್ತೆ ಆ ಮಡಿಕೆಯಲ್ಲಿ ಬೆರಳಾಡಿಸುತ್ತ, ನನ್ನ ಕಡೆ ತಿರುಗದೆ ಕೇಳಿದರು.

"ಹ್ವಾದ ಕೂಸಿನದೂ ಲೆಕ್ಕಾ ಮಾಡೀಯೇನು?"

ನನಗೆ ಮೊದಲು ಅರ್ಥವಾಗಲಿಲ್ಲ.

"ನಿನಗ ವಾಂತಿ ಬಾಳ ಆಗ್ತಿತ್ತು ಆಗ. ಹೊಟ್ಟಿ ತಣ್ಣಗಾಗಲಿ ಅಂತ ನಾನ ಥಂಡಾ ತರಿಸಿ ಕುಡಸ್ತಿದ್ನಿ. ಒಲ್ಲೆ ಅಂದ್ರೂ ಕುಡಸ್ತಿದ್ನಿ. ಅದು ಎಷ್ಟಾತು, ಹೇಳು."

"ಡಾಕ್ಟರ್ ಹೇಳ್ಯಾರಲ್ರಿ ಅತ್ತಿ, ಅದರಿಂದ ಅಲ್ಲಂತ."

"ಡಾಕ್ಟರ್ ಹೇಳಿದ್ದು ಕೇಳೀನಿ. ನೀ ಹೇಳು. ನೀ ಲೆಕ್ಕಾ ತಪ್ಪೂದಿಲ್ಲ."

ಇಷ್ಟು ತಿಂಗಳು ಈ ಹೆಂಗಸು ಇದನ್ನು ಎದೆಯಲ್ಲಿ ಇಟ್ಟುಕೊಂಡು ನನಗೆ ದಿಂಬು ಇಟ್ಟಿದ್ದರು, ಪಾನಕ ಮಾಡಿದ್ದರು. ನನ್ನ ಲೆಕ್ಕ ಓಣಿಯನ್ನು ಗೆದ್ದಿತು ಎಂದು ನಾನು ಹಿಗ್ಗುತ್ತಿದ್ದಾಗ, ಅದು ಇವರನ್ನು ದಿನಾ ತಿನ್ನುತ್ತಿತ್ತು.

"ಮಾಡೀನ್ರಿ," ಎಂದೆ. "ಆಗ ವಾಂತಿಗೆ ಚಾ ಬಾಳ ಸೇರ್ತಿದ್ದಿಲ್ಲ. ದಿನಕ್ಕ ಎರಡ ಕಪ್. ಇಪ್ಪತ್ತೈದ ಎರಡ್ಲೆ ಐವತ್ತು."

"ಹೂಂ. ಥಂಡಾ?"

ಬೆಳಿಗ್ಗೆ ಎದ್ದ ಕೂಡಲೇ ಒಂದು ಗ್ಲಾಸು ಕೊಡುತ್ತಿದ್ದರು. ಊಟಕ್ಕೆ ಮೊದಲು ಒಂದು, ಊಟ ಹೊರಗೆ ಬಂದರೆ ಮತ್ತೊಂದು. ಸಂಜೆ ದೀಪ ಹಚ್ಚಿದ ಮೇಲೆ ತಾವೇ ಬಾಯಿಗೆ ಹಿಡಿದು ಕುಡಿಸುತ್ತಿದ್ದರು. ನನಗೆ ಚೆನ್ನಾಗಿ ನೆನಪಿತ್ತು. ಅವರಿಗೂ ನೆನಪಿತ್ತು.

"ದಿನಕ್ಕ ಎರಡ ಗ್ಲಾಸ್ ರಿ," ಎಂದೆ. "ಎರಡ ಗ್ಲಾಸಿಗೆ ಐವತ್ತು. ಎಲ್ಲಾ ಕೂಡಿ ನೂರು. ಇನ್ನೂರರ ಅರ್ಧಾನ ಆತ್ರಿ."

ಅತ್ತೆ ಈಗ ತಲೆ ಎತ್ತಿ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಕಾಲ ಮೇಲಿನ ಕೂಸು ಮುಷ್ಟಿ ಬಿಗಿದು ಆಕಳಿಸಿತು.

"ಎರಡ ಗ್ಲಾಸ್," ಎಂದರು.

"ಹೌದ್ರಿ. ಎರಡ."

ಅವರು ಕೂಸನ್ನು ಎತ್ತಿ ನಾನು ಹಿಡಿದ ಅರಿವೆಯಲ್ಲಿ ಇಟ್ಟರು. ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನೊಮ್ಮೆ ಹೇಳು," ಎಂದರು. "ಎಲ್ಲಾ ಕೂಡಿ ಎಷ್ಟಾತು?"

"ನೂರು ರಿ, ಅತ್ತಿ," ಎಂದೆ.